ವಂಶವೃಕ್ಷದಿಂದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ,

ತೀರಿಹೋದವರ ಹೆಸರಿನಲ್ಲೇ ಉಳಿದಿರುವ ಪಹಣಿಗಳನ್ನು ವಾರಸುದಾರರ ಹೆಸರಿಗೆ ತರಲು ಇಲಾಖೆ ಪೌತಿ ಖಾತೆಗೆ ಒತ್ತು ಕೊಟ್ಟಿರುವುದು ಒಳ್ಳೆಯ ಕೆಲಸ. ಖಾತೆ ಅಜ್ಜನ ಹೆಸರಿನಲ್ಲೇ ಇದ್ದರೆ ಉಳುವ ಮೊಮ್ಮಗ ಬೆಳೆ ಸಾಲಕ್ಕೂ ಬೆಳೆ ಪರಿಹಾರಕ್ಕೂ ಪರದಾಡುತ್ತಾನೆ. ಆದರೆ ಅವಸರದಲ್ಲಿ ತಪ್ಪು ಖಾತೆ ಕೂತರೆ ಮೊದಲು ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ, ಹಕ್ಕಿನ ಪ್ರಶ್ನೆ ಎದ್ದರೆ ಸಿವಿಲ್ ಕೋರ್ಟು. ಈ ತಪ್ಪು ಹೆಚ್ಚಾಗಿ ಹುಟ್ಟುವುದು ತೀರಿಹೋದವರ ವಾರಸುದಾರರನ್ನೆಲ್ಲ ಹೆಸರಿಸುವ ದಾಖಲೆಯಾದ ವಂಶವೃಕ್ಷದಲ್ಲಿ.

ನಾಡಕಚೇರಿಗೆ ಅರ್ಜಿ ಹಾಕುವವನು ಸಾಮಾನ್ಯವಾಗಿ ಜಮೀನು ನೋಡಿಕೊಳ್ಳುವ ಮಗ. ಮರಣ ಪ್ರಮಾಣಪತ್ರ, ಪಹಣಿ, ಆಧಾರ್ ಜೊತೆಗೆ ಒಂದು ಅಫಿಡವಿಟ್ ಕೊಡುತ್ತಾನೆ. ಅದರಲ್ಲಿ ಅವನು ಬರೆಸಿದ ಹೆಸರುಗಳೇ ವಂಶವೃಕ್ಷಕ್ಕೆ ಇಳಿಯುತ್ತವೆ. ಮಹಜರಿಗೆ ಸಹಿ ಹಾಕುವವರು ಅದೇ ಊರಿನ ಅಕ್ಕಪಕ್ಕದವರು. ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋದ ಮಗಳ ಮಾತು ಅಲ್ಲಿ ಏಳುವುದೇ ಇಲ್ಲ. 1964ರ ಭೂಕಂದಾಯ ಕಾಯ್ದೆಯ 129ನೇ ಕಲಮು ದಾಖಲೆಯಲ್ಲಿ ಹಿತಾಸಕ್ತಿ ಕಾಣಿಸುವವರಿಗೆಲ್ಲ ಲಿಖಿತ ತಿಳಿವಳಿಕೆ ಕೊಡಬೇಕು ಎನ್ನುತ್ತದೆ. ದಾಖಲೆಯಲ್ಲಿ ಹೆಸರೇ ಇಲ್ಲದವಳಿಗೆ ನೋಟಿಸು ಹೋಗುವುದು ಹೇಗೆ? ಚಾವಡಿಯ ಗೋಡೆಗೆ ಅಂಟಿಸಿದ ಪ್ರತಿ ಅವಳ ಕಣ್ಣಿಗೆ ಬೀಳುವುದಿಲ್ಲ, ತಕರಾರಿನ ಅವಧಿ ಕಳೆದುಹೋಗುತ್ತದೆ.

ಕಾನೂನಿನಲ್ಲಿ ಗೊಂದಲವಿಲ್ಲ. ವಿಲ್ ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಮೊದಲ ದರ್ಜೆಯ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ಅವನ ತಾಯಿಯೂ ಇದ್ದಾಳೆ. ಮೊದಲೇ ತೀರಿಹೋದ ಮಗನ ಅಥವಾ ಮಗಳ ಮಕ್ಕಳೂ ಇದ್ದಾರೆ. ಮಗನನ್ನು ಕಳೆದುಕೊಂಡ ಮುದುಕಿಯ ಹೆಸರು ವಂಶವೃಕ್ಷದಲ್ಲಿ ಬಿಟ್ಟುಹೋಗುವುದು ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವಷ್ಟೇ ಸಾಮಾನ್ಯ. ಪಿತ್ರಾರ್ಜಿತದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಕ್ಕತಂಗಿಯರ ಹೆಸರು ಸೇರಿದರೆ ಸಾಲಕ್ಕೆ ಎಲ್ಲರ ಸಹಿ ಬೇಕಾಗುತ್ತದೆ ಎಂಬ ಅಣ್ಣತಮ್ಮಂದಿರ ಅಂಜಿಕೆ ಸುಳ್ಳಲ್ಲ. ಆದರೆ ಅದಕ್ಕೆ ದಾರಿ ಹೆಸರು ಬಿಡುವುದಲ್ಲ. ಪಾಲು ಬೇಡವೆನ್ನುವವಳು ನೋಂದಾಯಿತ ಹಕ್ಕು ಖುಲಾಸೆ ಪತ್ರ ಮಾಡಿಕೊಡಬೇಕು. ಅಫಿಡವಿಟ್ಟಿನಲ್ಲಿ ಬರೆಸಿದ ಒಪ್ಪಿಗೆಯಿಂದ ಜಮೀನಿನ ಹಕ್ಕು ಹೋಗುವುದಿಲ್ಲ. ಪಾಲು ಬೇಕೆನ್ನುವವರು ಜಂಟಿ ಖಾತೆಯ ನಂತರ ವಿಭಾಗ ಪತ್ರ, ಪಾಲಾಗುವ ತುಂಡುಗಳನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿಕೊಳ್ಳಲಿ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ: ವಂಶವೃಕ್ಷದ ನಮೂನೆಯಲ್ಲಿ ತಾಯಿ, ಹೆಂಡತಿ, ಪ್ರತಿ ಮಗಳು, ತೀರಿಹೋದ ಮಕ್ಕಳ ಸಂತಾನ, ಇವರಿಗೆಲ್ಲ ಪ್ರತ್ಯೇಕ ಕಾಲಂ ಇರಲಿ, ಯಾರೂ ಇಲ್ಲದಿದ್ದರೆ ಖಾಲಿ ಬಿಡದೆ ‘ಇಲ್ಲ’ ಎಂದು ಬರೆಸಲಿ. ಹಳೆಯ ಪಡಿತರ ಚೀಟಿಯೊಂದಿಗೆ ತಾಳೆ ನೋಡಲಿ. ಪ್ರತಿಯೊಬ್ಬರ ಈಗಿನ ವಿಳಾಸ, ಮೊಬೈಲ್ ನಂಬರ್ ಪಡೆದು ಪ್ರತ್ಯೇಕ ನೋಟಿಸು ಕಳಿಸಲಿ. ಅದು ತಲುಪಿದ ದಾಖಲೆ ಕಡತದಲ್ಲಿ ಇಲ್ಲದೆ ಖಾತೆ ಮಂಜೂರಾಗಬಾರದು.

ಇನ್ನು ವಿಲ್ ವಿಚಾರ. ನಮ್ಮಲ್ಲಿ ಹಿಂದೂ ಕುಟುಂಬದ ವಿಲ್‌ಗೆ ಪ್ರೊಬೇಟ್ (ವಿಲ್ ಸಾಚಾ ಎಂದು ಕೋರ್ಟ್ ಕೊಡುವ ದೃಢೀಕರಣ) ಕಡ್ಡಾಯವಲ್ಲ, ನೋಂದಣಿಯೂ ಐಚ್ಛಿಕ, ಛಾಪಾ ಶುಲ್ಕವಿಲ್ಲ. ಬರೆದವರ ಸಹಿ ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆಸ್ತಿ ಪಡೆಯುವವರೇ ಸಾಕ್ಷಿಯಾದರೆ ಅನುಮಾನಕ್ಕೆ ಎಡೆ. ತಕರಾರು ಬಂದರೆ ನೋಂದಾಯಿತ ವಿಲ್ ಆದರೂ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿನಲ್ಲಿ ನುಡಿಯಬೇಕು. ಹಾಗಾಗಿ ಬರೆದವರಿಗಿಂತ ಕಿರಿಯರನ್ನು ಸಾಕ್ಷಿ ಹಾಕಿಸುವುದು ಜಾಣತನ. ಇಷ್ಟನ್ನು ಪ್ರತಿ ನಾಡಕಚೇರಿಯ ಫಲಕದಲ್ಲಿ ಬರೆಸಿ. ಎಲ್ಲ ವಾರಸುದಾರರೂ ಒಪ್ಪಿದ ವಿಲ್‌ ಇದ್ದರೂ ‘ಕೋರ್ಟ್ ಆದೇಶ ತನ್ನಿ’ ಎಂದು ಬಾಯಿಮಾತಿನಲ್ಲಿ ಅಟ್ಟುವುದು ನಿಲ್ಲಲಿ. ಅದಕ್ಕಿಂತ ಕೆಟ್ಟದ್ದು, ಜಮೀನಿಗೆ ಉತ್ತರಾಧಿಕಾರ ಪ್ರಮಾಣಪತ್ರ ಕೇಳುವುದು. ಅದು ಬ್ಯಾಂಕ್ ಠೇವಣಿ, ಷೇರು, ಬರಬೇಕಾದ ಸಾಲದಂಥವಕ್ಕೆ ಮಾತ್ರ. ಕುಟುಂಬ ತಿಂಗಳುಗಟ್ಟಲೆ ಓಡಾಡಿ ತಂದ ಮೇಲೂ ಜಮೀನಿಗೆ ಅದರಿಂದ ಪ್ರಯೋಜನವಿಲ್ಲ.

ಅರ್ಜಿ ತಿರಸ್ಕರಿಸುವುದಾದರೆ ಕಾರಣ ಮತ್ತು ಕಲಮು ನಮೂದಿಸಿದ ಹಿಂಬರಹವನ್ನು ನಿಗದಿತ ದಿನದೊಳಗೆ ಅರ್ಜಿದಾರರ ಕೈಗೆ ಕೊಡಲೇಬೇಕೆಂದು ತಹಶೀಲ್ದಾರರಿಗೆ ಸುತ್ತೋಲೆ ಹೊರಡಿಸಿ. ಮೇಲ್ಮನವಿ ಹಾಕಲು ಅವರಿಗೆ ಮೊದಲು ಬೇಕಾಗುವ ಕಾಗದವೇ ಅದು.

ಇಂತಿ,
ಆಸ್ತಿ ದಾಖಲೆಗಳ ಕೆಲಸ ಮಾಡುವ ವಕೀಲರು ಮತ್ತು ಪತ್ರ ಬರಹಗಾರರು