ಬೆಟ್ಟದ ಮೇಲಿನ ಆ ಅಕ್ಕನಿಗೆ

ಹೆಸರು ಹಾಕಬೇಡಿ ಅಂದಿದ್ದಿರಿ, ಹಾಕುತ್ತಿಲ್ಲ ಅಕ್ಕ. ಥ್ಯಾಂಕ್ಸ್ ಮಾತ್ರ ಹೇಳಲೇಬೇಕು. ಬೆಟ್ಟದ ಮೇಲೆ ನಾವು ತಂಗಿದ್ದ ವಸತಿಯಲ್ಲಿ ಅಮ್ಮನಿಗೆ ತಲೆನೋವು, ವಾಕರಿಕೆ ಶುರುವಾದಾಗ ಇದು ಎತ್ತರದ ಜಾಗಕ್ಕೆ ಬಂದಾಗ ಆಗುವ ತೊಂದರೆ ಎಂದು ಮೊದಲು ಗುರುತಿಸಿದವರು ನೀವು. ‘ನಾಳೆ ಮೇಲೆ ಹತ್ತುವುದು ಬೇಡ, ಜಾಸ್ತಿಯಾದರೆ ತಡಮಾಡದೆ ಕೆಳಗಿಳಿಸೋಣ’ ಎಂದು ಖಡಾಖಂಡಿತವಾಗಿ ಹೇಳಿದಿರಿ. ಅಷ್ಟಕ್ಕೇ ಬಿಡದೆ ರಾತ್ರಿಯೆಲ್ಲ ಆಗಾಗ ಬಂದು ಮಾತನಾಡಿಸಿ ನೋಡಿದಿರಿ. ಬಿಸಿಲಿನಿಂದ ಕಾದ ನೀರು ಒಬ್ಬರಿಗೆ ಒಂದೇ ಬಕೆಟ್ ಎಂಬ ನಿಯಮವನ್ನು ಅಮ್ಮನಿಗಾಗಿ ಸಡಿಲಿಸಿದ್ದೂ ಗೊತ್ತು (ಯಾರಿಗೂ ಹೇಳಲ್ಲ ಬಿಡಿ!). ಎತ್ತರದಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ, ಅಡುಗೆ ಬೇಯಲು ಹೊತ್ತು ಹಿಡಿಯುತ್ತದೆ, ಕುಕ್ಕರ್ ಇದ್ದರೆ ಸೌದೆ ಉಳಿಯುತ್ತದೆ ಎಂದು ತಿಳಿಸಿಕೊಟ್ಟವರೂ ನೀವೇ. ವಸತಿಯ ಆದಾಯದಲ್ಲಿ ಊರವರಿಗೆ ಪಾಲಿದೆ ಎಂದು ಬೋರ್ಡಿನಲ್ಲಿ ಓದಿದ್ದೆವು. ಆ ಪಾಲುಗಳಲ್ಲಿ ನಿಮ್ಮದೂ ಒಂದು ಎಂದು ಹೊರಡುವಾಗ ತಿಳಿದು ಖುಷಿಯಾಯಿತು. ಅಮ್ಮ ಈಗ ಆರಾಮಾಗಿದ್ದಾರೆ.