ಒಂದು ‘ಖೋ’ ಕೇಳಿಸುವ ತನಕ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ನೆಟ್‌ವರ್ಕ್ ಹೋಗ್ತಾ ಇದೆ ಅಂದೆ. ಅದು ಅರ್ಧ ನಿಜ. ಇನ್ನರ್ಧ, ತಕ್ಷಣ ಹೇಳುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ.

"ನಾಲ್ಕನೇ ಕ್ಲಾಸಿನವರು ಬಾಯೇ ಬಿಡಲ್ಲ ಮಾರಾಯ. ಗುಂಪಾಗಿ ಮಾಡಿ ಅಂದ್ರೆ ಒಬ್ಬ ಮಾಡ್ತಾನೆ, ಉಳಿದವರು ನೋಡ್ತಾ ಕೂರ್ತಾರೆ" ಅಂದೆಯಲ್ಲ, ನಮ್ಮ ಶಾಲೆಯೂ ಹಾಗೇ ಇತ್ತು. ಈಗ ಪೂರ್ತಿ ಬದಲಾಗಿದೆ ಅಂತ ಸುಳ್ಳು ಹೇಳಲ್ಲ. ಸ್ವಲ್ಪ ಬದಲಾಗಿದೆ. ಹೇಗೆ ಅಂತ ಬರೆಯುತ್ತೇನೆ. ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಅದಕ್ಕೇ ಮಕ್ಕಳ ಹೆಸರು ಬರೆದಿಲ್ಲ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹೋದ ವರ್ಷ ನಾಲ್ಕನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಹಾಜರಿ ಕೂಗಿದರೆ "ಎಸ್ ಸಾರ್" ಅನ್ನುವುದೂ ಪಕ್ಕದವಳಿಗೆ ಮಾತ್ರ ಕೇಳುತ್ತಿತ್ತು. ನೆನಪಿನ ಶಕ್ತಿ ಮಾತ್ರ ಚೆನ್ನಾಗಿತ್ತು. ಪ್ರತಿಭಾ ಕಾರಂಜಿ ಸ್ಪರ್ಧೆಯ ಕಂಠಪಾಠಕ್ಕೆ ಇವಳನ್ನೇ ಕಳಿಸೋಣ, ಚಳಿ ಬಿಡುತ್ತದೆ ಅಂದುಕೊಂಡೆ. ಮೂರು ವಾರ ಕೂರಿಸಿಕೊಂಡು ಕಲಿಸಿದೆ. ಅಕ್ಕಪಕ್ಕದ ಶಾಲೆಗಳು ಸೇರುವ ಕ್ಲಸ್ಟರ್ ಮಟ್ಟದ ಸ್ಪರ್ಧೆಯ ದಿನ ಮೈಕಿನ ಮುಂದೆ ನಿಂತಳು. ಎರಡು ಸಾಲು ಹೇಳಿದಳು. ಆಮೇಲೆ ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತುಬಿಟ್ಟಳು. ಕೆಳಗಿನಿಂದ ನಾನು ತುಟಿ ಆಡಿಸಿ ಮುಂದಿನ ಸಾಲು ಹೇಳಿಕೊಡುತ್ತಿದ್ದೆ, ಅವಳು ನನ್ನನ್ನು ನೋಡಲೇ ಇಲ್ಲ. ಮಾರನೇ ದಿನ ಶಾಲೆಗೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಯಾರೂ ಅವಳನ್ನು ಬೈದಿರಲಿಲ್ಲ. ಹೋಗು ಅಂದವನು ನಾನು, ಅಷ್ಟೇ.

ಆಗ ಹೊಳೆದದ್ದು ಇದು. ಇದೇ ಹುಡುಗಿ ಎರಡು ವರ್ಷದ ಹಿಂದೆ ನಲಿಕಲಿಯಲ್ಲಿ, ಅಂದರೆ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂತು ಕಾರ್ಡು ನೋಡಿ ಕಲಿಯುವ ಪದ್ಧತಿಯಲ್ಲಿ, ಇದ್ದಾಗ ಹೀಗಿರಲಿಲ್ಲ. ನಿನಗೆ ಡಿ.ಎಡ್. ಓದುವಾಗಿನ ಪಾಠ ನೆನಪಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು, ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದ ಮೇಷ್ಟ್ರುಗಳು ಕೈಹಾಕಿದ್ದು, ಯುನಿಸೆಫ್ ಜೊತೆಗಿದ್ದದ್ದು. ಪರೀಕ್ಷೆಗೆ ಅಂತ ಇಷ್ಟನ್ನು ಬಾಯಿಪಾಠ ಮಾಡಿದ್ದೆವು. ಅದರ ಒಳಗುಟ್ಟು ಇರುವುದು ಆ ತಟ್ಟೆಗಳಲ್ಲಿ, ಅಂದರೆ ಮಕ್ಕಳು ದುಂಡಗೆ ಕೂರುವ ಗುಂಪುಗಳಲ್ಲಿ. ಒಂದು ತಟ್ಟೆಯ ಮಕ್ಕಳಿಗೆ ಮೇಷ್ಟ್ರು ಪೂರ್ತಿ ಬೇಕು, ಇನ್ನೊಂದರಲ್ಲಿ ಅರ್ಧ ಸಾಕು, ಮತ್ತೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ತಾವೇ ಕಲಿಯುತ್ತಾರೆ. ಮೂರು ವರ್ಷ ನೆಲದ ಮೇಲೆ ದುಂಡಗೆ ಕೂತು, ಒಬ್ಬರ ಕಾರ್ಡು ಇನ್ನೊಬ್ಬರು ನೋಡಿಕೊಂಡು ಬೆಳೆದ ಮಕ್ಕಳನ್ನು ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಸಾಲಾಗಿ ಕೂರಿಸಿ "ಮಾತಾಡಬೇಡಿ" ಅನ್ನುತ್ತೇವೆ. ಆಮೇಲೆ ಇವರು ಮಾತಾಡಲ್ಲ ಅಂತ ನಾವೇ ಗೊಣಗುತ್ತೇವೆ. ಚೆನ್ನಾಗಿದೆ ಅಲ್ವಾ?

ನಮ್ಮಲ್ಲಿ ದೈಹಿಕ ಶಿಕ್ಷಕರಿಲ್ಲ. ಅದಕ್ಕೇ ಶನಿವಾರ ಬೆಳಗಿನ ಶಾಲೆಯ ಕೊನೆಯ ಒಂದು ಗಂಟೆಯನ್ನು ನಾನೇ ತೆಗೆದುಕೊಂಡೆ. ನಾಲ್ಕು, ಐದು ಎರಡೂ ಕ್ಲಾಸು ಸೇರಿ ಇಪ್ಪತ್ತೆರಡು ಮಕ್ಕಳು. ಆಡಿಸಿದ್ದು ಖೋ ಖೋ.

ನೀನು ನಗಬಹುದು, ಅದರಲ್ಲೇನಿದೆ ಹೊಸದು ಅಂತ. ಸುಮ್ನೆ ಒಂದು ಸಲ ಮೇಷ್ಟ್ರ ಕಣ್ಣಿನಿಂದ ಆ ಆಟ ನೋಡು. ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬನ ಮುಖ ಈ ಕಡೆ, ಪಕ್ಕದವನದು ಆ ಕಡೆ. ಒಂಬತ್ತನೆಯವನು ಅಟ್ಟಿಸಿಕೊಂಡು ಹೋಗಬೇಕು. ಓಡುವವನು ಕೂತವರ ಮಧ್ಯೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವನು ನಡುಗೆರೆ ದಾಟುವ ಹಾಗಿಲ್ಲ, ಒಂದು ಕಡೆಗೆ ಹೊರಟ ಮೇಲೆ ಅರ್ಧದಲ್ಲಿ ಹಿಂದೆ ತಿರುಗುವ ಹಾಗಿಲ್ಲ. ಎಷ್ಟೇ ಜೋರಾಗಿ ಓಡುವ ಹುಡುಗನಾದರೂ ಒಬ್ಬನೇ ಗೆಲ್ಲಲಾರ. ಕೂತವನ ಬೆನ್ನು ಮುಟ್ಟಬೇಕು, "ಖೋ" ಅನ್ನಬೇಕು, ಅವನ ಜಾಗದಲ್ಲಿ ತಾನು ಕೂರಬೇಕು. ನಮ್ಮ ಅಂಗಳದಲ್ಲಿ ಅಷ್ಟು ಜಾಗ ಇಲ್ಲ, ಆರು ಜನರನ್ನೇ ಕೂರಿಸಿದೆ. ಎರಡು ಅಡಿಕೆ ಕಂಬ, ಸುಣ್ಣದ ಪುಡಿಯ ಗೆರೆ. ಖರ್ಚು ಅಷ್ಟೇ.

ಮೊದಲ ಎರಡು ಶನಿವಾರ ಬರೀ ಜಗಳ. ಐದನೇ ಕ್ಲಾಸಿನ ಒಬ್ಬ ಓಟಗಾರ ಇದ್ದಾನೆ, ಖೋ ಕೊಡುವುದೇ ಇಲ್ಲ. ಕಂಬದಿಂದ ಕಂಬಕ್ಕೆ ಓಡಿ ಓಡಿ ನಾಲಿಗೆ ಹೊರಗೆ ಬಂದರೂ ಕೊಡಲ್ಲ. "ಅವ್ರು ಹಿಡಿಯಲ್ಲ ಸಾರ್" ಅಂದ. ನಾನು ಏನೂ ಹೇಳಲಿಲ್ಲ. ಹೇಳಬೇಕು ಅಂತ ಬಾಯಿ ತುರಿಸುತ್ತಿತ್ತು, ಆದರೂ ಹೇಳಲಿಲ್ಲ. ಆರು ನಿಮಿಷ ಒಬ್ಬನೇ ಓಡಿದ, ಒಬ್ಬರೂ ಸಿಗಲಿಲ್ಲ. ಏಳನೇ ನಿಮಿಷಕ್ಕೆ ಸುಸ್ತಾಗಿ ಹತ್ತಿರದಲ್ಲಿದ್ದ ಬೆನ್ನು ಮುಟ್ಟಿದ. ಅದು ಆ ಹುಡುಗಿಯ ಬೆನ್ನು.

ಅವಳು ಎದ್ದು ಓಡಿದಳು. ಯಾರನ್ನೂ ಹಿಡಿಯಲಿಲ್ಲ. ಮುಂದಿನವನ ಬೆನ್ನು ಮುಟ್ಟಿ ಏನೋ ಅಂದಳು. ಅವನು ಏಳಲಿಲ್ಲ. "ಖೋ ಅನ್ಲೇ ಇಲ್ಲ" ಅಂದ. "ಅಂದೆ" ಅಂದಳು. "ಕೇಳಿಸ್ಲಿಲ್ಲ ಕಣೇ, ಕೇಳಿಸ್ದೆ ಎದ್ರೆ ಫೌಲು!" ಅಂದ. ಅವನು ಹೇಳಿದ್ದೂ ಸರಿಯೇ. ಆಟ ನಿಂತುಹೋಯಿತು. ಆ ಕಡೆ ಓಡುತ್ತಿದ್ದವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದರು. ಮತ್ತೆ ಶುರು. ಮತ್ತೆ ಮೆಲ್ಲಗೆ. ಮತ್ತೆ ಅವನು ಏಳಲಿಲ್ಲ. ಈ ಸಲ ಸಾಲಿನಲ್ಲಿ ಕೂತ ಉಳಿದ ಐದೂ ಜನ ಒಟ್ಟಿಗೆ "ಜೋರಾಗಿ ಅನ್ನೇ!" ಅಂತ ಕಿರುಚಿದರು.

ಆ ದಿನ ಆಗಲಿಲ್ಲ. ಸಿನಿಮಾದಲ್ಲಾದರೆ ಅದೇ ದಿನ ಆಗುತ್ತಿತ್ತು. ಆಗಿದ್ದು ಸುಮಾರು ಎರಡು ತಿಂಗಳಾದ ಮೇಲೆ. ನಾನು ಗೆರೆ ಅಳಿಸಿ ಹೋಗಿದ್ದ ಕಡೆ ಸುಣ್ಣ ಹಾಕುತ್ತಿದ್ದೆ, ನೋಡುತ್ತಲೂ ಇರಲಿಲ್ಲ. ಬೆನ್ನ ಹಿಂದೆ "ಖೋ!" ಅಂತ ಕೇಳಿಸಿತು. ಯಾರದು ಅಂತ ಗೊತ್ತಾಗಲಿಲ್ಲ, ಯಾಕೆಂದರೆ ಆ ದನಿ ನಾನು ಕೇಳಿಯೇ ಇರಲಿಲ್ಲ. ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

ನಾನು ಒಬ್ಬಳನ್ನೇ ಮೈಕಿನ ಮುಂದೆ ನಿಲ್ಲಿಸಿದ್ದೆ, ಇನ್ನೂರು ಜನ ಅವಳನ್ನು ನೋಡುತ್ತಿದ್ದರು. ಇಲ್ಲಿ ಒಬ್ಬ ಹುಡುಗ ಬೆನ್ನು ಮಾಡಿಕೊಂಡು ಅವಳ ದನಿಗೆ ಕಾಯುತ್ತಿದ್ದ. ಧೈರ್ಯ ಬಂದ ಮೇಲೆ ಮಕ್ಕಳು ಗುಂಪಿಗೆ ಸೇರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ನಾನು ನೋಡಿದ್ದು ಅದರ ಉಲ್ಟಾ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತಲ್ಲ, ನಮ್ಮ ಹೆಣ್ಣುಮಕ್ಕಳು ಫೈನಲ್ಲಿನಲ್ಲಿ ನೇಪಾಳವನ್ನು ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು ಅಂತ ಮಕ್ಕಳಿಗೆ ಹೇಳಿದೆ. ಒಬ್ಬ ಕೇಳಿದ: "ಸಾರ್, ಅವ್ರಿಗೂ ಕೂತು ಕೂತು ಮಂಡಿ ನೋಯುತ್ತಾ?"

ಎಲ್ಲವೂ ಹೀಗೇ ಆಯಿತು ಅಂದುಕೊಳ್ಳಬೇಡ. ಒಂದು ತರಬೇತಿಯಲ್ಲಿ ಕಲಿತ ಆಟ ಮಾಡಿಸಿದೆ. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಗೆಳೆಯರು ಹಿಡಿಯುತ್ತಾರೆ, ನಂಬಿಕೆ ಬೆಳೆಯುತ್ತದೆ ಅಂತ. ಹಿಡಿಯಬೇಕಾದವರು ನಗುತ್ತಾ ನಿಂತರು, ಹುಡುಗ ದೊಪ್ಪನೆ ಬಿದ್ದ, ಮೊಣಕೈ ತರಚಿತು. ಸಂಜೆ ಅವರಮ್ಮ ಬಂದು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇರೇನೂ ಕೆಲಸ ಇಲ್ಲದೆ ಬರೀ ನಂಬಿಕೆಗಾಗಿ ಬೀಳಿಸುವ ಆಟ ನೀನೂ ಮಾಡಿಸಬೇಡ.

ಗುಂಪು ಮಾಡುವ ವಿಷಯ. ಅವರಿಗೇ ಬಿಟ್ಟರೆ ಒಂದೇ ಬೀದಿಯವರು ಒಂದೇ ಕಡೆ ಸೇರುತ್ತಾರೆ. ಬೀದಿ ಅಂದರೆ ಏನು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ನಾನು ಒಂದು ಚೀಲದಲ್ಲಿ ಹೊಂಗೆ, ಬೇವು, ಹುಣಸೆ, ಮಾವಿನ ಎಲೆ ಹಾಕಿ ಕೈಹಾಕಿ ತೆಗೆಯಿರಿ ಅನ್ನುತ್ತೇನೆ. ಬಂದ ಎಲೆಯೇ ಆ ದಿನದ ಗುಂಪು. ಮೊದಮೊದಲು ಎಲೆ ಬದಲಾಯಿಸಿಕೊಳ್ಳುತ್ತಿದ್ದರು. ಈಗ ಕಡಿಮೆ.

ಇನ್ನು ನಾಟಕ. ಶಾಲೆಯ ವಾರ್ಷಿಕೋತ್ಸವಕ್ಕೆ ತಿಪಟೂರಿನ ಸಂತೆಯನ್ನೇ ಆಡೋಣ ಅಂದೆ. ಬರೆದ ಮಾತು ಇಲ್ಲ, ಮರೆಯುವುದಕ್ಕೂ ಏನೂ ಇಲ್ಲ. ಪ್ರತಿಯೊಬ್ಬರಿಗೂ ಒಂದು ಅಂಗಡಿ, ಸಾಮಾನು, ಬೆಲೆ. ಸಂತೆಗೆ ಚಪ್ಪರ ಬೇಕಲ್ಲ. ನಮ್ಮೂರಲ್ಲಿ ತೆಂಗಿನ ಗರಿಗೇನು ಬರ? ತಂದು ಹಾಕಿದೆವು. ಹೆಣೆಯುವುದು ಮಾತ್ರ ನನಗೆ ಬರದು. ಭಾಗಾಕಾರದಲ್ಲಿ ಯಾವಾಗಲೂ ಶೇಷ ಮರೆಯುವ ಒಬ್ಬ ಹುಡುಗ ಮುಂದೆ ಬಂದ. ಅವರಜ್ಜ ಹೆಣೆಯುತ್ತಾರಂತೆ. ದಿಂಡನ್ನು ಉದ್ದಕ್ಕೆ ಸೀಳಿಸಿದ, ಒಂದು ಎಲೆ ಬಿಟ್ಟು ಒಂದನ್ನು ಮೇಲೆ ಕೆಳಗೆ ತೂರಿಸಿದ, ಈ ತುದಿಯಲ್ಲಿ ಒಬ್ಬ ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬ ಹೆಣೆಯಬೇಕು ಅಂದ. ನಾನು ಹೆಣೆದದ್ದು ಎತ್ತಿದ ಕೂಡಲೇ ಬಿಚ್ಚಿಕೊಂಡಿತು. "ಸಾರ್, ನೀವು ಹಿಡ್ಕೊಳಿ, ಸಾಕು" ಅಂದ. ಅರ್ಧ ದಿನ ಹಿಡಿದುಕೊಂಡೇ ಕೂತಿದ್ದೆ.

ಆ ಹುಡುಗಿ ಸೊಪ್ಪಿನ ಅಂಗಡಿ ಇಟ್ಟಳು. ನಾಟಕದ ಮಧ್ಯೆ ಊರಿನ ಹಿರಿಯರೊಬ್ಬರು ಕೂತಲ್ಲಿಂದಲೇ ತಮಾಷೆಗೆ "ಕೊತ್ತಂಬರಿ ಹೆಂಗಮ್ಮ?" ಅಂತ ಕೂಗಿದರು. ನನ್ನ ಎದೆ ಧಸಕ್ ಅಂತು. ಅವಳು ತಲೆಯೆತ್ತಿ "ಕಟ್ಟು ಹತ್ರುಪಾಯಿ. ಬಾಡಿರೋದು ಬೇಕಂದ್ರೆ ಐದು" ಅಂದಳು. ಪಕ್ಕದ ಟೊಮೇಟೊ ಅಂಗಡಿಯವನು "ನಮ್ಮತ್ರ ಬಾಡಿರೋದು ಇಲ್ಲ ತಾತ" ಅಂತ ಸೇರಿಸಿದ. ಅದು ಯಾವ ಅಭ್ಯಾಸದಲ್ಲೂ ಬಂದಿರದ ಮಾತು.

ನಿನ್ನ ಕಡೆಗೆ ತೆಂಗಿನ ಗರಿ ಹುಡುಕಬೇಡ. ಯಾದಗಿರಿಯಲ್ಲಿ ಜೋಳದ ದಂಟಿದೆ, ಅದರಲ್ಲಿ ಬಂಡಿ ಮಾಡುವುದನ್ನು ಮಕ್ಕಳೇ ನಿನಗೆ ಕಲಿಸುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಹೇಗೂ ಎತ್ತು ಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎತ್ತು ಬೇಡ, ನಾಲ್ಕು ಜನಕ್ಕೆ ಒಂದು ಜೋಡಿ, ನೊಗ, ಬಂಡಿ ಅಂತ ಹಂಚು. ಒಬ್ಬರ ಎತ್ತು ದೊಡ್ಡದು, ಇನ್ನೊಬ್ಬರದು ಚಿಕ್ಕದು ಆಗಿ ನೊಗ ಕೂರುವುದಿಲ್ಲ, ಆಗ ಅವರೇ ಮಾತಾಡುತ್ತಾರೆ. ಲಗೋರಿಗೆ ಏಳು ಚಪ್ಪಟೆ ಕಲ್ಲು ಬೇಕು, ಶಹಾಬಾದ್ ಫರಸಿ ಕಲ್ಲಿನ ತುಂಡು ನಿಮ್ಮ ಕಡೆ ಎಲ್ಲೆಂದರಲ್ಲಿ ಬಿದ್ದಿರುತ್ತದೆ, ಅಂಚು ಮಾತ್ರ ಉಜ್ಜಿ ಮೊಂಡು ಮಾಡಿಸು. ಬಿಸಿಲು ಜಾಸ್ತಿ, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸು. ದುಡಿಯಲು ಹೋದ ಅಪ್ಪ ಅಮ್ಮನ ಜೊತೆ ಊರು ಬಿಟ್ಟು ವರ್ಷದ ಮಧ್ಯೆ ವಾಪಸ್ ಬರುವ ಮಕ್ಕಳಿದ್ದಾರೆ ಅಂದೆಯಲ್ಲ, ಅವರು ಬಂದ ದಿನ ಪುಸ್ತಕ ಕೊಡುವ ಮೊದಲು ಆಟಕ್ಕೆ ಕರೆ.

ಆ ಹುಡುಗಿ ಈಗ ಐದನೇ ಕ್ಲಾಸು. ಈ ಸಲ ಕಂಠಪಾಠಕ್ಕೆ ಹೋಗ್ತೀಯಾ ಅಂತ ಹೆದರುತ್ತಲೇ ಕೇಳಿದೆ. "ಇಲ್ಲ ಸಾರ್, ಖೋ ಖೋಗೆ ಬೇಕಾದ್ರೆ ಹೋಗ್ತೀನಿ" ಅಂದಳು. ಸರಿ ಅಂದೆ.

ಸುಣ್ಣದ ಪುಡಿ ಮುಗಿದಿದೆ. ಶನಿವಾರದೊಳಗೆ ತರಬೇಕು. ನಿನ್ನ ಮಕ್ಕಳು ಮಾಡಿದ ಎತ್ತಿನ ಫೋಟೋ ಕಳಿಸು.

ನಿನ್ನ
ಗೆಳೆಯ