ಲೀಝಾ ಲೇಹ್ಮನ್ ಹೆಸರೇಕೆ ಇಲ್ಲ?

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ ಇಂಗ್ಲೆಂಡಿನ ಗೀತ ಸಂಯೋಜಕರ ಲೇಖನದಲ್ಲಿ ಲೀಝಾ ಲೇಹ್ಮನ್ ಹೆಸರೇ ಇಲ್ಲದ್ದು ಬೇಸರ ತಂದಿತು. 1862ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಕೆ ಮೊದಲು ಹೆಸರು ಮಾಡಿದ್ದು ಗಾಯಕಿಯಾಗಿ. 1894ರಲ್ಲಿ ಮದುವೆಯಾದ ಮೇಲೆ ವೇದಿಕೆ ಬಿಟ್ಟರು. ಹಾಗಂತ ಸುಮ್ನೆ ಕೂರಲಿಲ್ಲ. ಎರಡೇ ವರ್ಷದಲ್ಲಿ ಪರ್ಷಿಯನ್ ಕವಿ ಉಮರ್ ಖಯ್ಯಾಮನ ಪದ್ಯಗಳಿಗೆ ನಾಲ್ಕು ಕಂಠ ಮತ್ತು ಪಿಯಾನೋಗೆ ರಾಗ ಹಾಕಿದರು. ಅದರಲ್ಲೊಂದು ಹಾಡು ನನಗೆ ಜಾಸ್ತಿ ಇಷ್ಟ. ಹರೆಯದಲ್ಲಿ ಪಂಡಿತರ ವಾದವನ್ನೆಲ್ಲ ಕೇಳಿ, ಒಳಹೋದ ಬಾಗಿಲಿನಿಂದಲೇ ಹೊರಬಂದೆ ಎನ್ನುವ ಪದ್ಯವದು. ದಪ್ಪ ಗಂಡು ದನಿ ಅದನ್ನು ಹಾಡುವಾಗ ಆ ಪಂಡಿತರ ಮೇಲೆ ನಗುವೂ ಬರುತ್ತದೆ, ಪಾಪ ಅನ್ನಿಸುತ್ತದೆ ಕೂಡ. 1911ರಲ್ಲಿ ಲಂಡನ್ನಿನ ಮಹಿಳಾ ಸಂಗೀತಗಾರರ ಸಂಘಕ್ಕೆ ಮೊದಲ ಅಧ್ಯಕ್ಷೆಯೂ ಇವರೇ. 1918ರಲ್ಲಿ ತೀರಿಕೊಂಡರು.

ಲೀಝಾ ಬಳಸಿದ್ದು ಫಿಟ್ಸ್‌ಜೆರಾಲ್ಡನ ಇಂಗ್ಲಿಷ್ ಅನುವಾದ. ಡಿವಿಜಿಯವರ ‘ಉಮರನ ಒಸಗೆ’ಗೂ ಅದೇ ಮೂಲ. ಹಾಗಾಗಿ ಲೀಝಾ ನಮಗೆ ಅಷ್ಟೇನೂ ದೂರದವರಲ್ಲ, ಅಲ್ವಾ? ಪುರವಣಿಯಲ್ಲಿ ಅವರ ಬಗ್ಗೆ ಅರ್ಧ ಪುಟವಾದರೂ ಕೊಡಿ. ಪಕ್ಕದಲ್ಲೇ ಡಿವಿಜಿಯವರ ನಾಲ್ಕು ಸಾಲು ಹಾಕಿದರೆ ಇನ್ನೂ ಚೆನ್ನ.

– ಒಬ್ಬ ಓದುಗ, ಮೈಸೂರು